ಎಣ್ಣೆ ಒಬ್ಬರದು, ಬತ್ತಿ ಇನ್ನೊಬ್ಬರದು

(ಪದವಿ ಕಾಲೇಜೊಂದರ ಇತಿಹಾಸ ಸಂಘದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



1864ರಲ್ಲಿ ತೆಗೆದ ಒಂದು ಛಾಯಾಚಿತ್ರದಿಂದ ನನ್ನ ಮಾತನ್ನು ಆರಂಭಿಸುತ್ತೇನೆ. ಚಿತ್ರದ ಹಿನ್ನೆಲೆಯಲ್ಲಿ ಈಜಿಪ್ಟಿನ ಸ್ಫಿಂಕ್ಸ್ ಭುಜದವರೆಗೂ ಮರಳಿನಲ್ಲಿ ಹೂತುಕೊಂಡಿದೆ. ಅದರ ಮುಂದೆ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ಜಪಾನಿನ ಸಮುರಾಯ್‌ಗಳು ನಿಂತಿದ್ದಾರೆ. ಯೊಕೊಹಾಮಾ ಬಂದರನ್ನು ವಿದೇಶೀಯರಿಗೆ ಮತ್ತೆ ಮುಚ್ಚಲು ಫ್ರಾನ್ಸಿನ ಒಪ್ಪಿಗೆ ಕೇಳಲು ಹೊರಟಿದ್ದ ರಾಯಭಾರಿ ತಂಡ ಅದು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಹಾಗಾಗಿ ತಂಡದವರು ಸುಯೆಜ್‌ನಲ್ಲಿ ಹಡಗಿನಿಂದ ಇಳಿದು, ರೈಲಿನಲ್ಲಿ ಈಜಿಪ್ಟನ್ನು ದಾಟಬೇಕಾಯಿತು. ದಾರಿಯಲ್ಲಿ ಪಿರಮಿಡ್ಡುಗಳನ್ನೂ ನೋಡಿದರು. ಹೋದ ಕೆಲಸ ಆಗಲಿಲ್ಲ. ಚಿತ್ರ ಮಾತ್ರ ಉಳಿಯಿತು.

ನಲವತ್ತು ವರ್ಷಗಳ ನಂತರ ನೋಟದ ದಿಕ್ಕು ಬದಲಾಯಿತು. 1904ರಲ್ಲಿ ಜಪಾನ್ ರಷ್ಯದ ಮೇಲೆ ಯುದ್ಧಕ್ಕಿಳಿದಾಗ, ಬ್ರಿಟಿಷರ ಹಿಡಿತದಲ್ಲಿದ್ದ ಕೈರೋ ನಗರ ಆ ಸುದ್ದಿಗೆ ಕಿವಿಗೊಟ್ಟು ಕೂತಿತ್ತು. ಅದೇ ವರ್ಷ ಈಜಿಪ್ಟಿನ ರಾಷ್ಟ್ರೀಯವಾದಿ ನಾಯಕ ಮುಸ್ತಫಾ ಕಾಮಿಲ್ ಜಪಾನಿನ ಬಗ್ಗೆ ಅರಬ್ಬೀ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಅದರ ಹೆಸರಿಗೆ 'ಉದಯಿಸುವ ಸೂರ್ಯ' ಎಂದು ಅರ್ಥ. ಕವಿ ಹಾಫಿಜ್ ಇಬ್ರಾಹಿಂ ಜಪಾನೀ ತರುಣಿಯೊಬ್ಬಳನ್ನು ಕುರಿತು ಕವಿತೆ ಕಟ್ಟಿದರು. ನಮ್ಮ ಹಾಗೆಯೇ ಪೂರ್ವದವರಾದ ಇವರು ಇಷ್ಟು ಬೇಗ ಎದ್ದುನಿಂತದ್ದು ಹೇಗೆ ಎಂಬ ಪ್ರಶ್ನೆಯೇ ಅಂದಿನ ಅರಬ್ ವಿದ್ಯಾವಂತರನ್ನು ಕಾಡುತ್ತಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಹೊತ್ತಿಗೆ ಅರೇಬಿಯದ ಮರಳಿನಡಿಯ ಎಣ್ಣೆ ಯಾರಿಗೂ ಗೊತ್ತಿರಲಿಲ್ಲ. ಅರಬರು ಜಪಾನಿನ ಕಡೆ ಮೊದಲು ನೋಡಿದ್ದು ಕಲಿಯುವ ಆಸೆಯಿಂದ. ಎಣ್ಣೆ ಬಂದದ್ದು ಆಮೇಲೆ. ಬಂದ ಮೇಲೆ ಅದು ಎಷ್ಟು ದೊಡ್ಡದಾಗಿ ಬೆಳೆಯಿತೆಂದರೆ, ಕಲಿಕೆಯ ಮಾತು ಬಹುಕಾಲ ಹಿಂದೆ ಬಿತ್ತು. ಅದು ಮತ್ತೆ ಮುಂದೆ ಬಂದ ಕಥೆಯೇ ಇವತ್ತಿನ ನನ್ನ ವಿಷಯ.

ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿಗೆ ಕಾರ್ಖಾನೆ ಕಟ್ಟುವ ಕೈಗಳಿದ್ದವು, ಬುದ್ಧಿಯಿತ್ತು. ನೆಲದಲ್ಲಿ ಎಣ್ಣೆ ಇರಲಿಲ್ಲ. ಕೊಲ್ಲಿಯ ಎಣ್ಣೆಯೆಲ್ಲ ಬ್ರಿಟಿಷ್ ಮತ್ತು ಅಮೆರಿಕನ್ ಕಂಪನಿಗಳ ಕೈಯಲ್ಲಿತ್ತು. ಆಗ ಮುಂದೆ ಬಂದವರು ಯಮಾಶಿತಾ ತಾರೋ. ಯುದ್ಧಕ್ಕೆ ಮೊದಲು ಮಂಚೂರಿಯದಲ್ಲಿ ವ್ಯಾಪಾರ ಮಾಡಿ ಹಣ ಗಳಿಸಿ 'ಮಂಚೂರಿಯದ ತಾರೋ' ಎನಿಸಿಕೊಂಡಿದ್ದ ಈ ಉದ್ಯಮಿಗೆ ತೈಲದ ಅನುಭವ ಇರಲಿಲ್ಲ, ಆದರೆ ಧೈರ್ಯ ಬೇಕಾದಷ್ಟಿತ್ತು. ಸೌದಿ ಅರೇಬಿಯ ಮತ್ತು ಕುವೈತ್ ನಡುವೆ ಎರಡೂ ದೇಶಗಳಿಗೆ ಸೇರಿದ ಒಂದು ತಟಸ್ಥ ವಲಯವಿತ್ತು. ಅದರ ಕಡಲಿನಲ್ಲಿ ತೈಲ ತೆಗೆಯುವ ಗುತ್ತಿಗೆಯನ್ನು ಅವರು 1957ರ ಡಿಸೆಂಬರಿನಲ್ಲಿ ಸೌದಿ ಅರೇಬಿಯದಿಂದ, ಮರುವರ್ಷ ಕುವೈತ್‌ನಿಂದ ಪಡೆದರು.

ಹೊಸಬನಿಗೆ ಗುತ್ತಿಗೆ ಸಿಕ್ಕಿದ್ದು ಹೇಗೆ? ಆ ಕಾಲದ ಪದ್ಧತಿಯಂತೆ ಪಾಶ್ಚಾತ್ಯ ಕಂಪನಿಗಳು ಲಾಭವನ್ನು ಸರಿಪಾಲು ಹಂಚುತ್ತಿದ್ದವು: ಐವತ್ತು ನೆಲದವರಿಗೆ, ಐವತ್ತು ಕಂಪನಿಗೆ. ಯಮಾಶಿತಾ ಸೌದಿಗೆ ಶೇಕಡ 56, ಕುವೈತ್‌ಗೆ ಶೇಕಡ 57 ಕೊಡಲು ಒಪ್ಪಿದರು. 1958ರಲ್ಲಿ ಹುಟ್ಟಿದ ಅವರ ಅರೇಬಿಯನ್ ಆಯಿಲ್ ಕಂಪನಿ 1960ರ ಜನವರಿಯಲ್ಲಿ ಖಾಫ್ಜಿ ಎಂಬಲ್ಲಿ ಮೊದಲ ಬಾವಿಯಲ್ಲೇ ಎಣ್ಣೆ ಕಂಡಿತು. ಮಂಚೂರಿಯದ ತಾರೋ 'ಅರೇಬಿಯದ ತಾರೋ' ಆದರು. ಮಾತೃಭೂಮಿಯಲ್ಲಿ ಇಲ್ಲದ ಎಣ್ಣೆಯನ್ನು ಜಪಾನೀಯರು ತಮ್ಮದೇ ಕಂಪನಿಯಿಂದ ಬೇರೆಯವರ ಕಡಲಲ್ಲಿ ತೆಗೆದರು ಎಂಬುದು ಆ ದೇಶಕ್ಕೆ ದೊಡ್ಡ ಹೆಮ್ಮೆಯ ವಿಷಯವಾಗಿತ್ತು.

ಅಲ್ಲಿಂದ ಹದಿಮೂರು ವರ್ಷ ಜಪಾನಿನ ಪಾಲಿಗೆ ಸುಗ್ಗಿ. ಎಣ್ಣೆ ಅಗ್ಗ, ಕಾರ್ಖಾನೆಗಳ ಚಿಮಣಿ ಆರಲಿಲ್ಲ. 1971ರಲ್ಲಿ ಸೌದಿ ದೊರೆ ಫೈಸಲ್ ಜಪಾನಿಗೆ ಭೇಟಿ ಕೊಟ್ಟರು. ಆದರೂ ಅರಬ್ ಜಗತ್ತು ಜಪಾನಿನ ಜನಸಾಮಾನ್ಯರಿಗೆ ದೂರವಾಗಿಯೇ ಉಳಿಯಿತು. ದಿನಾ ಉರಿಯುವ ದೀಪದ ಎಣ್ಣೆ ಎಲ್ಲಿಂದ ಬರುತ್ತದೆ ಎಂದು ಯಾರು ತಾನೆ ಯೋಚಿಸುತ್ತಾರೆ?

ಯೋಚಿಸುವಂತೆ ಮಾಡಿದ್ದು 1973ರ ಅಕ್ಟೋಬರ್. ಅರಬ್–ಇಸ್ರೇಲ್ ಯುದ್ಧ ಹೊತ್ತಿತು. ಅಕ್ಟೋಬರ್ 17ರಂದು ಅರಬ್ ತೈಲ ರಾಷ್ಟ್ರಗಳು ಉತ್ಪಾದನೆ ಕಡಿತವನ್ನು ಘೋಷಿಸಿದವು. ಆಗ ಜಪಾನ್ ಬಳಸುತ್ತಿದ್ದ ಒಟ್ಟು ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ತೈಲದಿಂದ ಬರುತ್ತಿತ್ತು. ಬ್ಯಾರೆಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 1974ರ ಜನವರಿಗೆ 11 ಡಾಲರ್ ದಾಟಿತು. ಒಸಾಕಾ ಬಳಿಯ ಸೆನ್ರಿ ಬಡಾವಣೆಯಲ್ಲಿ, ಇನ್ನು ಕಾಗದ ಸಿಗುವುದಿಲ್ಲವೆಂಬ ಗಾಳಿಮಾತಿಗೆ ಹೆದರಿದ ಗೃಹಿಣಿಯರು ಶೌಚಕಾಗದಕ್ಕಾಗಿ ಅಂಗಡಿಯ ಮುಂದೆ ಮುಗಿಬಿದ್ದರು. ಆ ಭಯ ದೇಶಕ್ಕೆಲ್ಲ ಹಬ್ಬಿತು. ಟೋಕಿಯೋದ ಗಿಂಜಾ ಬೀದಿಯ ಬಣ್ಣದ ದೀಪಗಳು ಆರಿದವು. 1974ರಲ್ಲಿ ಯುದ್ಧಾನಂತರ ಮೊದಲ ಬಾರಿಗೆ ಜಪಾನಿನ ಆರ್ಥಿಕತೆ ಕುಗ್ಗಿತು.

ಜಪಾನ್ ಸರ್ಕಾರ ಆತುರದಿಂದ ನಿಲುವು ಬದಲಿಸಿತು. 1973ರ ನವೆಂಬರ್ 22ರಂದು ಸಂಪುಟದ ಮುಖ್ಯ ಕಾರ್ಯದರ್ಶಿ ನಿಕಾಯ್ದೋ ಸುಸುಮು ಒಂದು ಹೇಳಿಕೆ ನೀಡಿ, 1967ರ ಯುದ್ಧದಲ್ಲಿ ಆಕ್ರಮಿಸಿದ ಎಲ್ಲ ಪ್ರದೇಶಗಳಿಂದ ಇಸ್ರೇಲ್ ಹಿಂದೆ ಸರಿಯಬೇಕೆಂದರು. ಡಿಸೆಂಬರಿನಲ್ಲಿ ಉಪಪ್ರಧಾನಿ ಮಿಕಿ ತಾಕೆಯೊ ವಿಶೇಷ ದೂತರಾಗಿ ಅರಬ್ ರಾಜಧಾನಿಗಳನ್ನು ಸುತ್ತಿದರು. ಡಿಸೆಂಬರ್ 25ರಂದು ಅರಬ್ ರಾಷ್ಟ್ರಗಳು ಜಪಾನನ್ನು ಮಿತ್ರರ ಸಾಲಿಗೆ ಸೇರಿಸಿದವು. ಟೀಕಾಕಾರರು ಇದನ್ನು 'ತೈಲ ಬೇಡುವ ರಾಜತಂತ್ರ' ಎಂದು ಹಂಗಿಸಿದರು. ಹಂಗಿಸುವುದು ಸುಲಭ. ಆದರೆ ಆ ಚಳಿಗಾಲ ಜಪಾನಿಗೆ ಕಲಿಸಿದ ಪಾಠ ದೊಡ್ಡದು: ಎಣ್ಣೆ ಕೊಡುವವರನ್ನು ಬರಿಯ ಅಂಗಡಿಯವರೆಂದು ಕಂಡರೆ, ಅವರೂ ನಮ್ಮನ್ನು ಬರಿಯ ಗಿರಾಕಿಗಳೆಂದೇ ಕಾಣುತ್ತಾರೆ.

ಈ ಪಾಠದ ಫಲ ಕೆಲವು ಕಡೆ ಬೇಗನೆ ಕಾಣಿಸಿತು. 1974ರಲ್ಲಿ ಕೈರೋ ವಿಶ್ವವಿದ್ಯಾಲಯದಲ್ಲಿ ಜಪಾನಿನ ನೆರವಿನಿಂದ ಜಪಾನೀ ಭಾಷೆ ಮತ್ತು ಸಾಹಿತ್ಯದ ವಿಭಾಗ ಆರಂಭವಾಯಿತು. 1982ರಲ್ಲಿ ಟೋಕಿಯೋದಲ್ಲಿ ಸೌದಿಯವರು ಅರಬ್ಬೀ ಕಲಿಸುವ ಸಂಸ್ಥೆಯೊಂದನ್ನು ತೆರೆದರು. ನಡುವೆ, 1981ರಲ್ಲಿ ಜಪಾನಿನ ತೈಲ ಉದ್ಯಮ ಮತ್ತು ಸರ್ಕಾರ ಸೇರಿ ತೈಲ ಸಹಕಾರ ಕೇಂದ್ರವೊಂದನ್ನು ಕಟ್ಟಿದವು. ತೈಲ ರಾಷ್ಟ್ರಗಳ ಎಂಜಿನಿಯರುಗಳನ್ನು ಕರೆಸಿ ಜಪಾನಿನ ಶುದ್ಧೀಕರಣ ಘಟಕಗಳಲ್ಲಿ ತರಬೇತಿ ಕೊಡುವುದು ಅದರ ಕೆಲಸ. ಸಾವಿರಾರು ಮಂದಿ ಹೀಗೆ ಹೋಗಿ ಕಲಿತು ಬಂದಿದ್ದಾರೆ. ನೋಡಿ, ಮುಸ್ತಫಾ ಕಾಮಿಲರ ಕಾಲದ ಹಳೆಯ ಪ್ರಶ್ನೆ ಎಣ್ಣೆಯ ನೆಪದಲ್ಲಿ ಮತ್ತೆ ಬಾಗಿಲು ತಟ್ಟಿತು.

ಆದರೆ ಬರಿಯ ತರಬೇತಿ ಸಾಕೆ? ಅದಕ್ಕೆ ಉತ್ತರ ಸಿಕ್ಕಿದ್ದು ಖಾಫ್ಜಿಯಲ್ಲೇ. ಯಮಾಶಿತಾ ಪಡೆದ ಸೌದಿ ಗುತ್ತಿಗೆಯ ಅವಧಿ 2000ದ ಫೆಬ್ರವರಿಗೆ ಮುಗಿಯುವುದಿತ್ತು. ಮುಂದುವರಿಸಬೇಕಾದರೆ ಮರುಭೂಮಿಯ ಗಣಿಗಳಿಗೆ ರೈಲು ಮಾರ್ಗ ಕಟ್ಟಿಕೊಡಿ ಎಂದು ಸೌದಿ ಕೇಳಿತು. ವೆಚ್ಚ ಸುಮಾರು 200 ಕೋಟಿ ಡಾಲರ್. ಅದು ಲಾಭ ತರುವ ಯೋಜನೆಯಲ್ಲವೆಂದು ಜಪಾನ್ ಲೆಕ್ಕ ಹಾಕಿತು. ಮಾತುಕತೆ ಮುರಿದುಬಿತ್ತು. ನಲವತ್ತು ವರ್ಷದ ನಂಟು ಒಂದು ದಿನಾಂಕದಲ್ಲಿ ಕಡಿಯಿತು. ಮೂರು ವರ್ಷದ ನಂತರ ಕುವೈತ್ ಜತೆಗಿನ ಗುತ್ತಿಗೆಯೂ ಮುಗಿಯಿತು. ಇಬ್ಬರೂ ತಂತಮ್ಮ ಲೆಕ್ಕದಲ್ಲಿ ಸರಿಯೇ. ಸೌದಿಗೆ ಬೇಕಾಗಿದ್ದು ಎಣ್ಣೆಯ ಆಚೆಗೂ ಉಳಿಯುವ ಉದ್ಯಮ ಮತ್ತು ಉದ್ಯೋಗ. ಜಪಾನ್ ಮಾತನಾಡುತ್ತಿದ್ದುದು ಎಣ್ಣೆಯ ಬೆಲೆಯನ್ನು. ಒಂದೇ ಮೇಜಿನ ಎರಡು ಕಡೆ ಕೂತು ಇಬ್ಬರೂ ಬೇರೆ ಬೇರೆ ವಸ್ತುವಿನ ಚೌಕಾಸಿ ಮಾಡುತ್ತಿದ್ದರು.

ಅಲ್ಲಿಂದೀಚೆಗೆ ಸಹಕಾರದ ಬಗೆ ಬದಲಾಯಿತೆಂದೇ ಹೇಳಬೇಕು. 2002ರಲ್ಲಿ ಜೆದ್ದಾ ನಗರದಲ್ಲಿ ಸೌದಿ–ಜಪಾನ್ ಮೋಟಾರು ವಾಹನ ಉನ್ನತ ಸಂಸ್ಥೆ ಆರಂಭವಾಯಿತು. ಎರಡು ವರ್ಷದ ಶಿಕ್ಷಣ; ಪಾಸಾದವರಿಗೆ ಜಪಾನೀ ಕಾರುಗಳ ವಿತರಕರಲ್ಲಿ ಕೆಲಸ. ಆ ತನಕ ಕಾರು ರಿಪೇರಿ ಹೊರದೇಶದಿಂದ ಬಂದವರ ಕೆಲಸವೆಂಬ ಭಾವನೆ ಅಲ್ಲಿ ಬೇರೂರಿತ್ತು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಅಂಥ ಕೆಲಸಗಳಿಗಾಗಿಯೇ ಕೊಲ್ಲಿಗೆ ಹೋದವರು. ಸ್ವಂತ ಮಕ್ಕಳ ಕೈಗೆ ಸ್ಪ್ಯಾನರ್ ಕೊಡುವುದು ಸೌದಿ ಸಮಾಜಕ್ಕೆ ಸಣ್ಣ ಹೆಜ್ಜೆಯಾಗಿರಲಿಲ್ಲ. 2005ರಲ್ಲಿ ಸೌದಿಯ ಅರಾಮ್ಕೊ ಮತ್ತು ಜಪಾನಿನ ಸುಮಿತೊಮೊ ಕೆಮಿಕಲ್ ಸೇರಿ ಕೆಂಪು ಸಮುದ್ರದ ದಡದ ರಾಬಿಗ್‌ನಲ್ಲಿ ದೊಡ್ಡ ಪೆಟ್ರೊ ರಾಸಾಯನಿಕ ಕಂಪನಿ ಸ್ಥಾಪಿಸಿದವು. ಪ್ಲಾಸ್ಟಿಕ್ ವಸ್ತುಗಳನ್ನು ತಯಾರಿಸುವ ವಿದ್ಯೆಗೆಂದೇ ರಿಯಾದ್‌ನಲ್ಲಿ ಜಪಾನಿನ ನೆರವಿನಿಂದ ಒಂದು ಸಂಸ್ಥೆ ತೆರೆಯಿತು.

ಇವೆಲ್ಲ ಕೈಕಸುಬಿನ ವಿದ್ಯೆ. ಹೊಸ ವಿಚಾರ ಹುಟ್ಟಿಸುವ ವಿದ್ಯೆಯಲ್ಲೂ ಇವರು ಕೂಡಿ ನಡೆದ ಉದಾಹರಣೆ ಇದೆಯೆ? ಇದೆ. ಅದು ಪತ್ರಿಕೆಗಳ ಮುಖಪುಟಕ್ಕೆ ಬಂದದ್ದಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಚ್ಚಾತೈಲವನ್ನು ಕಾಯಿಸಿ ಬೇರ್ಪಡಿಸಿದಾಗ ಮೇಲೆ ಪೆಟ್ರೋಲಿನಂಥ ಹಗುರ ಭಾಗ, ಕೆಳಗೆ ಮಂದವಾದ ಭಾರದ ಭಾಗ ಉಳಿಯುತ್ತದೆ. ಆ ಮಂದ ಎಣ್ಣೆಯ ದೊಡ್ಡ ಅಣುಗಳನ್ನು ವೇಗವರ್ಧಕ ಪುಡಿಯ ಸಹಾಯದಿಂದ ಒಡೆದರೆ ಇನ್ನಷ್ಟು ಪೆಟ್ರೋಲ್ ಸಿಗುತ್ತದೆ. ಜತೆಗೆ ಸ್ವಲ್ಪ ಪ್ರೊಪಿಲೀನ್ ಎಂಬ ಅನಿಲವೂ ಬರುತ್ತದೆ. ನಿಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿ, ಬಕೆಟ್ಟು, ಸಿಮೆಂಟಿನ ಚೀಲ ಎಲ್ಲಕ್ಕೂ ಮೂಲವಸ್ತು ಅದು, ಪೆಟ್ರೋಲಿಗಿಂತ ಬೆಲೆಯುಳ್ಳದ್ದು. ಅದರ ಪಾಲನ್ನು ಹೆಚ್ಚಿಸುವುದು ಹೇಗೆ? ಧಹ್ರಾನಿನ ಕಿಂಗ್ ಫಹದ್ ಪೆಟ್ರೋಲಿಯಂ ಮತ್ತು ಖನಿಜ ವಿಶ್ವವಿದ್ಯಾಲಯ, ಜಪಾನಿನ ಸಂಶೋಧಕರು ಮತ್ತು ಅರಾಮ್ಕೊ 1990ರ ದಶಕದಿಂದ ಕೂಡಿ ಈ ಪ್ರಶ್ನೆಯನ್ನು ಹಿಡಿದರು. ಶಾಖವನ್ನು ಇನ್ನೂ ಏರಿಸಿ, ಎಣ್ಣೆಯನ್ನೂ ವೇಗವರ್ಧಕವನ್ನೂ ಮೇಲಿನಿಂದ ಕೆಳಕ್ಕೆ ಒಟ್ಟಿಗೆ ಹರಿಸಿ, ಅರೆಕ್ಷಣ ಮಾತ್ರ ಸೇರಿಸಿ ತಕ್ಷಣ ಬೇರ್ಪಡಿಸುವ ವಿಧಾನ ಅವರದು. ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಡುವುದರ ಬದಲು ಕೆಂಡದ ಮೇಲೆ ಒಮ್ಮೆ ಉಬ್ಬಿಸಿ ತೆಗೆದಂತೆ.

2003–04ರ ಹೊತ್ತಿಗೆ ಸೌದಿಯ ರಾಸ್ ತನೂರಾದಲ್ಲಿ ದಿನಕ್ಕೆ 30 ಬ್ಯಾರೆಲ್ ಸಾಮರ್ಥ್ಯದ ಪುಟ್ಟ ಘಟಕದಲ್ಲಿ ಇದರ ಪರೀಕ್ಷೆ ನಡೆಯಿತು. 2011ರಲ್ಲಿ ಜಪಾನಿನ ಮಿಜುಶಿಮಾದಲ್ಲಿ 3,000 ಬ್ಯಾರೆಲ್‌ನ ಘಟಕ ನಡೆಯತೊಡಗಿತು. 2018ರಲ್ಲಿ ದಕ್ಷಿಣ ಕೊರಿಯದ ಒಂದು ದೊಡ್ಡ ಶುದ್ಧೀಕರಣ ಘಟಕ ಇದೇ ವಿಧಾನವನ್ನು ವ್ಯಾಪಾರಕ್ಕೆ ಬಳಸಿತು. ದಿನಕ್ಕೆ 30 ಬ್ಯಾರೆಲ್‌ನಿಂದ ಅಲ್ಲಿಗೆ ಮುಟ್ಟಲು ಸುಮಾರು ಹದಿನೈದು ವರ್ಷ ಬೇಕಾಯಿತು. ನನಗೆ ಮುಖ್ಯವಾಗಿ ಕಾಣುವುದು ಈ ಹದಿನೈದು ವರ್ಷ. ಖಾಫ್ಜಿಯ ಗುತ್ತಿಗೆ ಮುರಿದುಬಿದ್ದ ಕಾಲದಲ್ಲೇ ಈ ಕೆಲಸ ಸದ್ದಿಲ್ಲದೆ ನಡೆದಿತ್ತು. ಒಪ್ಪಂದಕ್ಕೆ ಕೊನೆಯ ದಿನಾಂಕ ಇರುತ್ತದೆ. ಕೂಡಿ ಕಲಿತದ್ದು ಇಬ್ಬರ ತಲೆಯಲ್ಲೂ ಉಳಿಯುತ್ತದೆ.

ಇನ್ನು ವಿಶ್ವವಿದ್ಯಾಲಯದ ಮಾತು. ಅಲೆಕ್ಸಾಂಡ್ರಿಯದ ಬಳಿಯ ಹೊಸ ಬೊರ್ಗ್ ಅಲ್ ಅರಬ್ ಊರಿನಲ್ಲಿ ಈಜಿಪ್ಟ್–ಜಪಾನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವಿದೆ. 2009ರಲ್ಲಿ ಎರಡು ಸರ್ಕಾರಗಳ ಒಪ್ಪಂದ, 2010ರಲ್ಲಿ ಸ್ನಾತಕೋತ್ತರ ತರಗತಿಗಳು, 2017ರಲ್ಲಿ ಪದವಿ ತರಗತಿಗಳು. ವಸೇದಾ, ಕ್ಯೋತೋ, ಕ್ಯೂಶೂ ಮೊದಲಾದ ಜಪಾನೀ ವಿಶ್ವವಿದ್ಯಾಲಯಗಳು ಅದಕ್ಕೆ ಹೆಗಲು ಕೊಟ್ಟಿವೆ. ಅಲ್ಲಿ ಶಕ್ತಿ ಸಂಪನ್ಮೂಲಗಳ ಎಂಜಿನಿಯರಿಂಗ್ ಕೂಡ ಒಂದು ವಿಭಾಗ. ಎಣ್ಣೆ ಮುಗಿದ ಮೇಲೇನು ಎಂಬ ಪ್ರಶ್ನೆಯೂ ಅಲ್ಲಿ ಪಾಠದ ವಿಷಯವೇ.

ಆ ವಿಶ್ವವಿದ್ಯಾಲಯಕ್ಕೆ ಜಪಾನ್ ಕೊಟ್ಟ ಮುಖ್ಯ ವಸ್ತು ಕಟ್ಟಡವೂ ಅಲ್ಲ, ಯಂತ್ರವೂ ಅಲ್ಲ, ಒಂದು ಅಭ್ಯಾಸ. ಈಜಿಪ್ಟಿನ ಸರ್ಕಾರಿ ವಿಶ್ವವಿದ್ಯಾಲಯಗಳ ತುಂಬಿ ತುಳುಕುವ ಸಭಾಂಗಣಗಳಲ್ಲಿ ಅಧ್ಯಾಪಕರು ಹೇಳುತ್ತಾರೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಇದು ನಮಗೂ ಹೊಸದೇನಲ್ಲ! ಜಪಾನಿನ ಪದ್ಧತಿಯಲ್ಲಿ ವಿದ್ಯಾರ್ಥಿ ಒಬ್ಬ ಪ್ರಾಧ್ಯಾಪಕರ ಪ್ರಯೋಗಾಲಯಕ್ಕೆ ಸೇರುತ್ತಾನೆ. ಅದು ಮನೆಯ ಹಾಗೆ. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಕಲಿಸುತ್ತಾನೆ, ಪ್ರಯೋಗ ಕೆಟ್ಟರೆ ಎಲ್ಲರೂ ಕೂತು ಯಾಕೆ ಕೆಟ್ಟಿತೆಂದು ಚರ್ಚಿಸುತ್ತಾರೆ. ಈ ಪದ್ಧತಿಯನ್ನು ಅರಬ್ ನೆಲದಲ್ಲಿ ನೆಡುವುದು ಆ ವಿಶ್ವವಿದ್ಯಾಲಯದ ಉದ್ದೇಶ. ಆರಂಭವಾದ ಮರುವರ್ಷವೇ, 2011ರ ಜನವರಿಯಲ್ಲಿ, ಈಜಿಪ್ಟಿನಲ್ಲಿ ಕ್ರಾಂತಿ ಸಿಡಿಯಿತು. ಸರ್ಕಾರಗಳು ಒಂದರ ಮೇಲೊಂದು ಉರುಳಿದವು. ಆದರೂ ವಿಶ್ವವಿದ್ಯಾಲಯ ನಿಂತಿತು. ಈಗ ಆಫ್ರಿಕದ ಬೇರೆ ದೇಶಗಳ ವಿದ್ಯಾರ್ಥಿಗಳೂ ವಿದ್ಯಾರ್ಥಿವೇತನ ಪಡೆದು ಅಲ್ಲಿಗೆ ಬರುತ್ತಿದ್ದಾರೆ.

ಇಷ್ಟೆಲ್ಲ ಹೇಳಿ ಎಲ್ಲವೂ ಸುಗಮವೆಂದು ನಿಮ್ಮನ್ನು ನಂಬಿಸಿದರೆ ತಪ್ಪಾಗುತ್ತದೆ. ಮೊದಲ ಅಡ್ಡಿ ಭಾಷೆಯದು. 2005ರಲ್ಲಿ ಸೌದಿ ದೊರೆ ಅಬ್ದುಲ್ಲಾ ಹೆಸರಿನ ದೊಡ್ಡ ವಿದ್ಯಾರ್ಥಿವೇತನ ಯೋಜನೆ ಆರಂಭವಾದಾಗ ಅಮೆರಿಕಕ್ಕೆ ಹೋದವರ ಲೆಕ್ಕ ಹತ್ತಾರು ಸಾವಿರ; ಜಪಾನಿಗೆ ಹೋದವರು ನೂರರ ಲೆಕ್ಕದಲ್ಲಿ. ಜಪಾನಿನಲ್ಲಿ ಓದಬೇಕಾದರೆ ಮೊದಲು ಜಪಾನೀ ಭಾಷೆಯನ್ನೂ ಅದರ ಸಾವಿರಾರು ಚಿತ್ರಲಿಪಿಗಳನ್ನೂ ಕಲಿಯಬೇಕು. ಇಂಗ್ಲಿಷಿನಲ್ಲಿ ಕಲಿಸುವ ತರಗತಿಗಳು ಅಲ್ಲಿ ಬಹಳ ತಡವಾಗಿ ಬಂದವು.

ಕತಾರಿನ ಉದಾಹರಣೆ ಇದಕ್ಕೆ ಕನ್ನಡಿ. ಆ ದೇಶದ ಅನಿಲ ಸಂಪತ್ತನ್ನು ನಂಬಿ ಮೊದಲು ಕೈಹಾಕಿದ ಗಿರಾಕಿ ಜಪಾನಿನ ಚುಬು ವಿದ್ಯುತ್ ಕಂಪನಿ. 1992ರಲ್ಲಿ ವರ್ಷಕ್ಕೆ 40 ಲಕ್ಷ ಟನ್ ದ್ರವೀಕೃತ ಅನಿಲವನ್ನು ಇಪ್ಪತ್ತೈದು ವರ್ಷ ಕೊಳ್ಳುವ ಒಪ್ಪಂದಕ್ಕೆ ಅದು ಸಹಿ ಹಾಕಿತು. ಆ ಸಹಿಯ ಬಲದಿಂದ ಕತಾರಿಗೆ ಸಾಲ ಹುಟ್ಟಿತು, ಘಟಕ ಎದ್ದಿತು. 1997ರ ಜನವರಿಯಲ್ಲಿ ಮೊದಲ ಹಡಗು ಜಪಾನಿನ ಕವಾಗೊಯೆ ಬಂದರು ಮುಟ್ಟಿತು. ಅನಿಲದ ಹಣದಿಂದ ಕತಾರ್ ದೋಹಾದಲ್ಲಿ ವಿದ್ಯಾನಗರವೊಂದನ್ನು ಕಟ್ಟಿದಾಗ ಕರೆಸಿದ್ದು ಯಾರನ್ನು? ಮುಖ್ಯವಾಗಿ ಅಮೆರಿಕದ ಕಾರ್ನೆಲ್, ಟೆಕ್ಸಾಸ್ ಎ ಅಂಡ್ ಎಂ, ಜಾರ್ಜ್‌ಟೌನ್ ವಿಶ್ವವಿದ್ಯಾಲಯಗಳನ್ನು. ಅನಿಲದ ವಿಷಯದಲ್ಲಿ ಮೊದಲಿಗರಾದ ಜಪಾನೀಯರು ವಿದ್ಯೆಯ ವಿಷಯದಲ್ಲಿ ಬಾಗಿಲಾಚೆಯೇ ಉಳಿದರು. ಇತ್ತ ಅನಿಲದ ನಂಟೂ ಸಡಿಲವಾಯಿತು. 2021ರ ಕೊನೆಗೆ ಹಳೆಯ ದೀರ್ಘಾವಧಿ ಒಪ್ಪಂದ ಮುಗಿದಾಗ ಜಪಾನೀ ಕಂಪನಿ ಅದನ್ನು ನವೀಕರಿಸಲಿಲ್ಲ.

ಹಾಗೆಂದು ಮನುಷ್ಯ ಸಂಬಂಧ ಸುಮ್ಮನೆ ಹೋಗುವುದಿಲ್ಲ. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಗೆ ಭೂಕಂಪ ಮತ್ತು ಸುನಾಮಿ ಅಪ್ಪಳಿಸಿತು, ಫುಕುಶಿಮಾ ಅಣುಸ್ಥಾವರ ಕೆಟ್ಟಿತು. ಆಗ ಕುವೈತ್ 50 ಲಕ್ಷ ಬ್ಯಾರೆಲ್ ಕಚ್ಚಾತೈಲವನ್ನು ಉಚಿತವಾಗಿ ಕೊಟ್ಟಿತು. ಅದರ ಹಣ ಸಂತ್ರಸ್ತ ಪ್ರಾಂತಗಳಿಗೆ ಹೋಯಿತು. ಕೊಚ್ಚಿಹೋಗಿದ್ದ ಸಾನ್ರಿಕು ರೈಲು ಮಾರ್ಗಕ್ಕೆ ಬಂದ ಹೊಸ ಬೋಗಿಗಳ ಮೇಲೆ ಅರಬ್ಬೀ ಲಿಪಿಯಲ್ಲೂ ಕೃತಜ್ಞತೆ ಬರೆಯಲಾಗಿದೆ. ಕತಾರ್ 10 ಕೋಟಿ ಡಾಲರಿನ ನಿಧಿ ಇಟ್ಟಿತು. ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ ಕೇಂದ್ರವೊಂದು ಅದರಿಂದ ಎದ್ದಿತು. ದೋಹಾಕ್ಕೆ ಹೋಗದ ಜಪಾನಿನ ವಿದ್ಯೆಗೆ ದೋಹಾದ ಹಣವೇ ಬಂತು. ಇತಿಹಾಸದ ತಮಾಷೆ ಎಂದರೆ ಇದು.

ಈಗ ಇಬ್ಬರ ಮುಂದೆಯೂ ಇರುವ ಸವಾಲು ಒಂದೇ. 2023ರಲ್ಲೂ ಜಪಾನ್ ಕೊಂಡ ಕಚ್ಚಾತೈಲದಲ್ಲಿ ಶೇಕಡ 90ಕ್ಕೂ ಮೇಲ್ಪಟ್ಟು ಪಶ್ಚಿಮ ಏಷ್ಯದ್ದು; ಸೌದಿ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳ ಪಾಲೇ ಹೆಚ್ಚು. ಐವತ್ತು ವರ್ಷದ ಹಿಂದಿನ ಪಾಠವನ್ನು ನೆನೆದು ಜಪಾನ್ ಒಂದು ಜಾಣ ಏರ್ಪಾಟು ಮಾಡಿಕೊಂಡಿದೆ. ಒಕಿನಾವಾದ ತೈಲ ತೊಟ್ಟಿಗಳಲ್ಲಿ ಸೌದಿಗೆ, ಕಗೊಶಿಮಾದ ಕಿಇರೆಯಲ್ಲಿ ಅಬುಧಾಬಿಗೆ ಜಾಗ ಕೊಟ್ಟಿದೆ. ಅವರು ಅಲ್ಲಿಂದ ಪೂರ್ವ ಏಷ್ಯಕ್ಕೆ ವ್ಯಾಪಾರ ಮಾಡಬಹುದು. ಆಪತ್ತು ಬಂದರೆ ಆ ಎಣ್ಣೆಯ ಮೇಲೆ ಮೊದಲ ಹಕ್ಕು ಜಪಾನಿನದು. ಇಂಥದೇ ಏರ್ಪಾಟು ನಮ್ಮ ಮಗ್ಗುಲಲ್ಲೂ ಇದೆ. ಮಂಗಳೂರಿನ ನೆಲದಡಿಯ ಶಿಲಾಗುಹೆಗಳಲ್ಲಿ ತನ್ನ ತೈಲ ತುಂಬಿಡಲು ಅಬುಧಾಬಿಯ ಕಂಪನಿ ಭಾರತದ ಜತೆ ಒಪ್ಪಂದ ಮಾಡಿಕೊಂಡು, 2018ರಲ್ಲಿ ಮೊದಲ ತೈಲ ಕಳಿಸಿತು.

ಅರಬರಿಗೋ ಬೇರೆ ಚಿಂತೆ: ಜಗತ್ತು ಎಣ್ಣೆಯನ್ನೇ ಬಿಟ್ಟರೆ? ಅದಕ್ಕೆಂದೇ ಅಬುಧಾಬಿಯ ಸ್ವೆಯ್ಹಾನ್‌ನಲ್ಲಿ ಜಪಾನಿನ ಮರುಬೆನಿ ಪಾಲುದಾರನಾಗಿ 1,177 ಮೆಗಾವಾಟ್ ಸೌರಸ್ಥಾವರ 2019ರಲ್ಲಿ ಆರಂಭವಾಯಿತು. 2020ರ ಸೆಪ್ಟೆಂಬರಿನಲ್ಲಿ ಸೌದಿಯಿಂದ 40 ಟನ್ ಅಮೋನಿಯ ವಿದ್ಯುತ್ ಉತ್ಪಾದನೆಯ ಪ್ರಯೋಗಕ್ಕಾಗಿ ಜಪಾನಿಗೆ ಹೋಯಿತು. ಅದನ್ನು ತಯಾರಿಸುವಾಗ ಹೊರಬಿದ್ದ ಇಂಗಾಲದ ಅನಿಲವನ್ನು ಹಿಡಿದು ಬೇರೆ ಕೆಲಸಕ್ಕೆ ಹಚ್ಚಿದ್ದರು. ನಲವತ್ತು ಟನ್ ಎಂದರೆ ನಾಲ್ಕೈದು ಲಾರಿ ಹೊರೆ. ಆದರೆ ಮೂವತ್ತು ಬ್ಯಾರೆಲ್‌ನ ಪುಟ್ಟ ಘಟಕದ ಕಥೆ ಕೇಳಿದ ನೀವು ಇದನ್ನು ನೋಡಿ ನಗಲಾರಿರಿ.

ಗೆಳೆಯರೇ, 'ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು' ಎಂದು ನಮ್ಮಲ್ಲಿ ಗಾದೆಯಿದೆ. ಭಾಗ್ಯ ಬಾಗಿಲಿಗೆ ಬಂದಾಗ ಅದನ್ನು ಬಳಸಿಕೊಳ್ಳಲಾರದವರಿಗೆ ಹೇಳುವ ಮಾತು. ಎಣ್ಣೆ ಬಂದ ಮೊದಲ ಕೆಲವು ದಶಕ ಅರಬರೂ ಜಪಾನೀಯರೂ ಒಂದು ಬಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದರು: ಒಬ್ಬರು ಮಾರಿದರು, ಇನ್ನೊಬ್ಬರು ಕೊಂಡರು. 1973 ಅವರ ಕಣ್ಣು ತೆರೆಸಿತು. ಕಣ್ಣು ತೆರೆದ ಮೇಲೆ ಕಂಡದ್ದೇನೆಂದರೆ, ಎಣ್ಣೆ ಒಬ್ಬರದು, ಬತ್ತಿ ಇನ್ನೊಬ್ಬರದು. ಎರಡೂ ಕೂಡಿದರೇ ದೀಪ. ಎಣ್ಣೆ ಒಂದು ದಿನ ತೀರುತ್ತದೆ. ತೀರುವುದರೊಳಗೆ ಆ ಬೆಳಕಿನಲ್ಲಿ ಎಷ್ಟು ಓದಿಕೊಂಡೆವು ಎಂಬುದೇ ಕೊನೆಗೆ ಲೆಕ್ಕಕ್ಕೆ ಬರುವುದು. ಈ ಮಾತು ಅರಬರಿಗೂ ಜಪಾನೀಯರಿಗೂ ಎಷ್ಟು ಸಲ್ಲುತ್ತದೆಯೋ, ಇಲ್ಲಿ ಕುಳಿತ ನಮಗೂ ಅಷ್ಟೇ ಸಲ್ಲುತ್ತದೆ.